ಕೊಲ್ಲದ ಆಯುಧದ ಕಥೆ

ವಿರಾಟಪರ್ವದ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಉತ್ತರಗೋಗ್ರಹಣದ ಕಡೆಯಲ್ಲಿ ಅರ್ಜುನನು ಸಮ್ಮೋಹನಾಸ್ತ್ರವನ್ನು ಪ್ರಯೋಗಿಸುತ್ತಾನೆ. ಕೌರವಸೇನೆಯ ಮಹಾರಥರು ಇದ್ದಲ್ಲಿಯೇ ಮೈಮರೆತು ಒರಗುತ್ತಾರೆ. ಉತ್ತರಕುಮಾರನು ರಥದಿಂದಿಳಿದು, ತಂಗಿಯು ಬೊಂಬೆಗಳಿಗೆಂದು ಬಯಸಿದ್ದ ಬಣ್ಣದ ವಸ್ತ್ರಗಳನ್ನು ಅವರ ಮೈಮೇಲಿಂದ ತೆಗೆದುಕೊಂಡು ಬರುತ್ತಾನೆ. ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಎಚ್ಚರವಾಗುತ್ತದೆ. ಆ ಅಸ್ತ್ರದಿಂದ ಒಬ್ಬನೂ ಸಾಯಲಿಲ್ಲ.

ಎದುರಾಳಿಯನ್ನು ಕೊಲ್ಲದೆ ನಿಲ್ಲಿಸಬೇಕೆಂಬುದು ಮನುಷ್ಯನ ಬಹು ಹಳೆಯ ಕನಸು. ಒಳ್ಳೆಯ ಕನಸೇ ಹೌದು. ಆದರೆ ಆ ಕಥೆಯಲ್ಲಿಯೇ ಇನ್ನೊಂದು ಮಾತಿದೆ. ವಸ್ತ್ರಗಳನ್ನು ತರಲು ಹೊರಟ ಉತ್ತರನಿಗೆ ಅರ್ಜುನನು, 'ಭೀಷ್ಮರ ಹತ್ತಿರ ಸುಳಿಯಬೇಡ, ಈ ಅಸ್ತ್ರಕ್ಕೆ ಪ್ರತಿಯನ್ನು ಅವರು ಬಲ್ಲರು' ಎಂಬರ್ಥದ ಎಚ್ಚರಿಕೆಯನ್ನು ಕೊಡುತ್ತಾನೆ. ಎಂದರೆ, ಅಸ್ತ್ರವನ್ನು ಬಿಟ್ಟವನಿಗೆ ಅದು ಯಾರ ಮೇಲೆ ಹೇಗೆ ನಡೆಯುತ್ತದೆಂಬ ಅರಿವಿತ್ತು. ನಮ್ಮ ಕಾಲದ ಸಮ್ಮೋಹನಾಸ್ತ್ರದ ಕಥೆಯನ್ನು ಹೇಳುವಾಗ ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಕೆಲವು ಕಾಲದ ಹಿಂದೆ ಹತ್ತನೆಯ ತರಗತಿಯ ಹುಡುಗನೊಬ್ಬ ವೃತ್ತಪತ್ರಿಕೆಯ ಒಂದು ತುಣುಕನ್ನು ಹಿಡಿದು ಬಂದು, 'ಪರದೇಶಗಳ ಪೋಲೀಸರ ಕೈಯಲ್ಲಿರುವ ಸ್ಟನ್ ಗನ್ನಿಗೆ ಕನ್ನಡದಲ್ಲಿ ಏನೆನ್ನಬೇಕು, ಸಾರ್? ಅದು ಕೊಲ್ಲುವುದಿಲ್ಲವಂತೆ' ಎಂದು ಕೇಳಿದ. 'ಮಾರಕವಲ್ಲದ್ದು ಅಮಾರಕ; ಅಮಾರಕಾಯುಧ ಎನ್ನು' ಎಂದೆ. ಹುಡುಗ ಬರೆದುಕೊಂಡು ಹೋದ. ಆಮೇಲೆ ನನಗೇ ಕಸಿವಿಸಿಯಾಯಿತು. ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಗೊತ್ತು, ನಿಷೇಧವನ್ನು ಹೇಳುವ ಆ 'ಅ'ಕಾರಕ್ಕೆ ಹಿಂದಿನವರು ಆರು ಅರ್ಥಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಅಭಾವವೊಂದು, ಅಲ್ಪತೆಯೊಂದು. 'ಅನುದರಾ ಕನ್ಯಾ' ಎಂದರೆ ಹೊಟ್ಟೆಯೇ ಇಲ್ಲದ ಹುಡುಗಿಯಲ್ಲ, ಕೃಶೋದರಿ ಎಂದರ್ಥ. ಹಾಗಾದರೆ ಅಮಾರಕವೆಂದರೆ ಕೊಲ್ಲುವ ಗುಣವೇ ಇಲ್ಲದ್ದೋ, ಕೊಲ್ಲುವ ಗುಣ ಕಡಮೆಯಾಗಿರುವುದೋ? ಇದು ಶಬ್ದಪಂಡಿತರ ಹಟವೆಂದು ಯಾರಾದರೂ ನಕ್ಕಾರು. ಆದರೆ ಇಂಗ್ಲಿಷ್ ಮಾತನಾಡುವ ದೇಶಗಳಲ್ಲಿಯೂ ಮೊದಲು 'ಮಾರಕವಲ್ಲದ' ಎಂದು ಕರೆಯಲ್ಪಟ್ಟ ಆಯುಧವನ್ನು ಕಾಲಕ್ರಮದಲ್ಲಿ 'ಮಾರಕತೆ ಕಡಮೆಯಿರುವ' ಎಂದು ತಿದ್ದಿ ಕರೆಯಬೇಕಾಯಿತು. ಆ ಒಂದು ತಿದ್ದುಪಡಿಯ ಹಿಂದೆ ಎಷ್ಟೋ ಮಂದಿಯ ಪ್ರಾಣವಿದೆ.

ಈ ಆಯುಧದ ಹುಟ್ಟು ಸ್ವಾರಸ್ಯವಾದದ್ದು. 1911ರಲ್ಲಿ ಅಮೆರಿಕದಲ್ಲಿ ಹುಡುಗರಿಗಾಗಿ ಒಂದು ಸಾಹಸಕಾದಂಬರಿ ಪ್ರಕಟವಾಯಿತು. ಅದರ ನಾಯಕ ಟಾಮ್ ಸ್ವಿಫ್ಟ್ ಎಂಬ ಜಾಣ ಹುಡುಗ. ಅವನ ಕೈಯಲ್ಲಿ ವಿದ್ಯುತ್ತಿನಿಂದ ನಡೆಯುವ ಬಂದೂಕು. ಆ ಪುಸ್ತಕವನ್ನು ಬಲ್ಲ ಜಾಕ್ ಕವರ್ ಎಂಬ ಭೌತಶಾಸ್ತ್ರಜ್ಞನು ಸುಮಾರು 1970ರ ವೇಳೆಗೆ ಅಂಥದೇ ಒಂದು ಉಪಕರಣವನ್ನು ನಿಜವಾಗಿಯೇ ಮಾಡಲು ತೊಡಗಿದನು. ಅದು ವಿಮಾನಗಳನ್ನು ಅಪಹರಿಸುವ ಪಿಡುಗು ಹೆಚ್ಚಿದ್ದ ಕಾಲ. ಹಾರುತ್ತಿರುವ ವಿಮಾನದೊಳಗೆ ಗುಂಡು ಹಾರಿಸುವುದು ಎಲ್ಲರಿಗೂ ಅಪಾಯ. ಆದ್ದರಿಂದ ಮನುಷ್ಯನನ್ನು ಕೊಲ್ಲದೆ ಕೆಡಹುವ ಸಾಧನ ಬೇಕೆಂಬುದು ಅವನ ಆಶಯ. 1974ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. ಬಾಲ್ಯದ ಕಾದಂಬರಿಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅವನು ತನ್ನ ಸೃಷ್ಟಿಗೆ 'ಟೇಸರ್' ಎಂದು ಹೆಸರಿಟ್ಟನು.

ಅದು ಕೆಲಸ ಮಾಡುವ ರೀತಿ ಹೀಗೆ. ಪಿಸ್ತೂಲಿನಂಥ ಉಪಕರಣದಿಂದ ಗಾಳದ ಮೊನೆಯಂಥ ಎರಡು ಚಿಕ್ಕ ಮುಳ್ಳುಗಳು ಹಾರಿ, ಬಟ್ಟೆಗೋ ಚರ್ಮಕ್ಕೋ ಕಚ್ಚಿಕೊಳ್ಳುತ್ತವೆ. ಅವುಗಳ ಹಿಂದೆ ಕೂದಲೆಳೆಯಂಥ ತಂತಿಗಳಿರುತ್ತವೆ. ಆ ತಂತಿಗಳ ಮೂಲಕ ವಿದ್ಯುತ್ತಿನ ಮಿಡಿತಗಳು ಒಂದರ ಹಿಂದೊಂದು ಓಡುತ್ತವೆ. 50,000 ವೋಲ್ಟ್ ಎಂದು ಪ್ರಚಾರದಲ್ಲಿದ್ದ ಸಂಖ್ಯೆಯನ್ನು ಕೇಳಿ ನಾವು ಬೆಚ್ಚಬಹುದು. ಆದರೆ ಅದು ಗಾಳಿಯ ಅಂತರವನ್ನು ದಾಟಲು ಬೇಕಾದ ಒತ್ತಡ, ಮೈಯೊಳಗೆ ಹೋಗುವುದು ಅದರ ತೀರ ಚಿಕ್ಕ ಭಾಗ. ಸ್ನಾಯುಗಳೆಲ್ಲ ಒಟ್ಟಿಗೆ ಸೆಟೆದುಕೊಂಡು, ಎಂಥ ಬಲಶಾಲಿಯೂ ಕಡಿದ ಮರದಂತೆ ಬೀಳುತ್ತಾನೆ. ಕುದುರೆಯನ್ನು ಒಮ್ಮೆ ಎಳೆದರೆ 5 ಸೆಕೆಂಡುಗಳ ಕಾಲ ಈ ಮಿಡಿತ ನಡೆದು ತಾನಾಗಿ ನಿಲ್ಲುತ್ತದೆ. ಎಳೆದ ಬೆರಳನ್ನು ಬಿಡದಿದ್ದರೆ ನಿಲ್ಲುವುದಿಲ್ಲ. ವಾಚಕರು ಈ 5 ಸೆಕೆಂಡುಗಳನ್ನು ಮರೆಯಬಾರದು.

ಮೊದಲ ಟೇಸರಿನಲ್ಲಿ ಮುಳ್ಳುಗಳನ್ನು ಹಾರಿಸಲು ಸ್ವಲ್ಪ ಸಿಡಿಮದ್ದು ಇತ್ತು. ಆ ಕಾರಣದಿಂದ 1976ರಲ್ಲಿ ಅಮೆರಿಕದ ಕೇಂದ್ರಸರ್ಕಾರವು ಅದನ್ನು ಬಂದೂಕುಗಳ ಪಟ್ಟಿಗೆ ಸೇರಿಸಿತು; ವ್ಯಾಪಾರ ಕುಂಠಿತವಾಯಿತು. 1993ರಲ್ಲಿ ಅರಿಜೋನಾ ಪ್ರಾಂತದ ಇಬ್ಬರು ಸೋದರರು ಕವರ್‌ನ ನೆರವಿನಿಂದಲೇ ಹೊಸ ಕಂಪನಿಯನ್ನು ಕಟ್ಟಿ, ಸಿಡಿಮದ್ದಿನ ಬದಲು ಅದುಮಿಟ್ಟ ನೈಟ್ರೋಜನ್ ಅನಿಲವನ್ನು ಬಳಸಿದರು. ಮದ್ದು ಹೋಯಿತು, ಅದರೊಡನೆ 'ಬಂದೂಕು' ಎಂಬ ಹೆಸರೂ ಹೋಯಿತು. ಮೈಗೆ ತಗಲುವ ವಿದ್ಯುತ್ತು ಮಾತ್ರ ಕಡಮೆಯಾಗಲಿಲ್ಲ; 1999ರಲ್ಲಿ ಬಂದ ಹೊಸ ಮಾದರಿಯಲ್ಲಿ ಅದು ಮತ್ತಷ್ಟು ಬಲವಾಯಿತು. 2003ರಲ್ಲಿ ಇನ್ನೂ ಚಿಕ್ಕದಾದ, ಹಗುರವಾದ ಮಾದರಿ ಬಂದಿತು. ಕೆಲವೇ ವರ್ಷಗಳಲ್ಲಿ ಅಮೆರಿಕ, ಕೆನಡಾ, ಇಂಗ್ಲೆಂಡ್, ಆಸ್ಟ್ರೇಲಿಯಾಗಳ ಪೋಲೀಸರ ಸೊಂಟದಲ್ಲಿ ಇದೂ ತೂಗಾಡತೊಡಗಿತು.

ಪೋಲೀಸರು ಇದನ್ನು ಮೆಚ್ಚಿದ್ದು ಸಹಜ. ಕತ್ತಿ ಹಿರಿದು ನಿಂತ ಉನ್ಮತ್ತನ ಎದುರಿಗೆ ಪೇದೆಯೊಬ್ಬ ನಿಂತಿದ್ದಾನೆಂದುಕೊಳ್ಳೋಣ. ಗುಂಡು ಹಾರಿಸಿದರೆ ಅವನು ಸಾಯುತ್ತಾನೆ, ಸುಮ್ಮನಿದ್ದರೆ ಇನ್ನೊಬ್ಬರು ಸಾಯುತ್ತಾರೆ. ಅಲ್ಲಿ ಟೇಸರು ಎರಡು ಜೀವಗಳನ್ನೂ ಉಳಿಸಬಲ್ಲುದು, ಉಳಿಸಿಯೂ ಇದೆ. ಇದನ್ನು ಒಪ್ಪದೆ ಮುಂದಿನ ಮಾತನ್ನು ಆಡುವುದು ನ್ಯಾಯವಲ್ಲ. ತೊಡಕಿರುವುದು ಬೇರೆಡೆ. 'ಇದು ಕೊಲ್ಲುವುದಿಲ್ಲ' ಎಂದು ಒಂದು ವಸ್ತುವನ್ನು ಕೈಗೆ ಕೊಟ್ಟಾಗ, ಪಿಸ್ತೂಲನ್ನು ಮುಟ್ಟುವಾಗ ಬರುವ ಹಿಂಜರಿಕೆ ಆ ಕೈಗೆ ಬರುವುದಿಲ್ಲ. ಗುಂಡಿಗೆ ಬದಲಾಗಿ ಬಂದ ಆಯುಧವು ಬರಬರುತ್ತ ಮಾತಿಗೆ ಬದಲಾಗಿಬಿಡುತ್ತದೆ. ಹಾಗಾದರೆ ಏನಾಗುತ್ತದೆಂಬುದಕ್ಕೆ ಕೆನಡಾ ದೇಶದ ವ್ಯಾಂಕೂವರ್ ವಿಮಾನನಿಲ್ದಾಣದಲ್ಲಿ 2007ರ ಅಕ್ಟೋಬರ್ 14ರಂದು ನಡೆದ ಸಂಗತಿಯೇ ಸಾಕ್ಷಿ.

ಪೋಲೆಂಡ್ ದೇಶದ ಗ್ಲಿವಿತ್ಸೆ ಎಂಬ ಊರಿನಲ್ಲಿ ರಾಬರ್ಟ್ ಜೆಕಾನ್ಸ್ಕಿ ಎಂಬ 40 ವರ್ಷದ ಮನುಷ್ಯನಿದ್ದನು. ಅವನ ತಾಯಿ ಕೆನಡಾದಲ್ಲಿ, ವ್ಯಾಂಕೂವರಿನಿಂದ 350 ಕಿಲೋಮೀಟರು ದೂರದ ಕ್ಯಾಮ್ಲೂಪ್ಸ್ ಪಟ್ಟಣದಲ್ಲಿ ನೆಲಸಿದ್ದಳು. ಮಗನನ್ನು ತನ್ನ ಬಳಿಗೆ ಕರೆಸಿಕೊಳ್ಳಬೇಕೆಂಬುದು ಆಕೆಯ ಬಹುದಿನದ ಆಸೆ. ಅನುಮತಿ ದೊರೆತು, ಮಗ ಹೊರಟನು. ಹಿಂದೆ ಎಂದೂ ವಿಮಾನವನ್ನು ಹತ್ತಿದವನಲ್ಲ, ಇಂಗ್ಲಿಷ್ ಬಾರದು. 'ಸಾಮಾನು ಬರುವ ಜಾಗದಲ್ಲಿ ನಿಂತಿರು, ನಾನು ಬರುತ್ತೇನೆ' ಎಂದು ತಾಯಿ ಹೇಳಿದ್ದಳು. ಆದರೆ ಆ ಜಾಗವಿರುವುದು ಸುಂಕದ ಕಟ್ಟೆಯ ಒಳಗೆ. ಹೊರಗಿನವರಿಗೆ ಅಲ್ಲಿ ಪ್ರವೇಶವಿಲ್ಲವೆಂಬುದು ಪಾಪ, ಆಕೆಗೆ ತಿಳಿಯದು.

ಅಕ್ಟೋಬರ್ 13ರ ಮಧ್ಯಾಹ್ನ ಮೂರು ಗಂಟೆಯ ಮೇಲೆ ವಿಮಾನ ಇಳಿಯಿತು. ಮಗ ಒಳಗೆ ನಿಂತನು, ತಾಯಿ ಹೊರಗೆ ನಿಂತಳು. ನಡುವೆ ಒಂದು ಗೋಡೆ. ಗಂಟೆಗಳು ಉರುಳಿದವು. ತಾಯಿ ಹೋಗಿ ಹೋಗಿ ವಿಚಾರಿಸಿದಳು. ಅಂಥವನು ಅಲ್ಲಿಲ್ಲವೆಂಬ ಉತ್ತರವೇ ಸಿಕ್ಕಿತು. ಮಗ ವಿಮಾನವನ್ನೇ ಹತ್ತಲಿಲ್ಲವೇನೋ ಎಂದುಕೊಂಡು ಆಕೆ ರಾತ್ರಿ ಹತ್ತು ಗಂಟೆಯ ಸುಮಾರಿಗೆ ಊರಿಗೆ ಹಿಂದಿರುಗಿದಳು. ಅವನೋ, ಅದೇ ಕಟ್ಟಡದೊಳಗೆ ಕಾಯುತ್ತಲೇ ಇದ್ದನು.

ಇದನ್ನು ಓದಿದಾಗ ನಮ್ಮ ಬೀದಿಯ ಒಬ್ಬ ವೃದ್ಧೆಯ ನೆನಪು ನನಗೆ ಬಂದಿತು. ಮಗನ ಮನೆಯ ಬಾಣಂತನಕ್ಕೆಂದು ಆಕೆ ಒಬ್ಬಳೇ ಪರದೇಶಕ್ಕೆ ಹೊರಟಾಗ, ನಮ್ಮ ಶಾಲೆಯ ಇಂಗ್ಲಿಷ್ ಉಪಾಧ್ಯಾಯರು ಒಂದು ಕಾಗದದ ಮೇಲೆ ದೊಡ್ಡ ಅಕ್ಷರಗಳಲ್ಲಿ, 'ನನಗೆ ಕನ್ನಡ ಮಾತ್ರ ಬರುತ್ತದೆ, ದಯವಿಟ್ಟು ನನ್ನ ಮಗನಿಗೆ ಫೋನು ಮಾಡಿ' ಎಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಆಕೆ ಅದನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು ಹೋದಳು, ಕ್ಷೇಮವಾಗಿ ತಲಪಿದಳು. ಇಂಥ ಕಾಗದವನ್ನು ಬರೆದುಕೊಟ್ಟ ಮನೆಗಳು ಈ ಲೇಖನವನ್ನು ಓದುತ್ತಿರುವವರಲ್ಲಿ ಎಷ್ಟಿಲ್ಲ! ಜೆಕಾನ್ಸ್ಕಿಯ ಅವಸ್ಥೆಯನ್ನು ಊಹಿಸಲು ನಮಗೆ ಕಷ್ಟವಾಗಬಾರದು.

ನಡುರಾತ್ರಿ ಕಳೆದ ಮೇಲೆ ಅವನ ಕಾಗದಪತ್ರಗಳ ಕೆಲಸ ಮುಗಿದು ಅವನು ಹೊರಕ್ಕೆ ಬಂದನು. ಬಹುದೂರದ ಪ್ರಯಾಣ, ನಿದ್ದೆಯಿಲ್ಲ, ಯಾರಿಗೂ ಅವನ ಮಾತು ತಿಳಿಯದು, ತಾಯಿ ಕಾಣಳು. ಅವನ ತಾಳ್ಮೆ ಮುರಿಯಿತು. ಬೆವರುತ್ತ, ಏದುಸಿರು ಬಿಡುತ್ತ, ಕುರ್ಚಿಗಳನ್ನು ಬಾಗಿಲಿಗೆ ಅಡ್ಡವಿಟ್ಟನು. ಒಂದು ಕಂಪ್ಯೂಟರನ್ನೂ ಚಿಕ್ಕ ಮೇಜನ್ನೂ ಎಸೆದನು. ಯಾರ ಮೈಮೇಲೂ ಕೈಮಾಡಲಿಲ್ಲ. ಅಲ್ಲಿದ್ದ ಪ್ರಯಾಣಿಕ ಹೆಂಗಸೊಬ್ಬಳು ಹತ್ತಿರ ಹೋಗಿ ಮೆಲುದನಿಯಲ್ಲಿ ಸಮಾಧಾನ ಹೇಳಲು ಯತ್ನಿಸಿದಳು. ಭಾಷೆ ಬಾರದಿದ್ದರೂ ಆಕೆಗೆ ತೋಚಿದ ಉಪಾಯವದು.

ಬೆಳಗಿನ ಜಾವ ಒಂದೂವರೆ ಗಂಟೆಯ ಸುಮಾರಿಗೆ ರಾಯಲ್ ಕೆನಡಿಯನ್ ಮೌಂಟೆಡ್ ಪೋಲೀಸ್ ದಳದ ನಾಲ್ವರು ಬಂದರು. ಅವರು ಬಂದು ಎದುರಾದ ಅರ್ಧ ನಿಮಿಷದೊಳಗೆ ಟೇಸರು ಹಾರಿತು. ಆಗ ಅವನ ಕೈಯಲ್ಲಿದ್ದದ್ದು ಕಾಗದಗಳಿಗೆ ಪಿನ್ನು ಹೊಡೆಯುವ ಒಂದು ಸ್ಟೇಪ್ಲರು. ಅವನು ಕಿರಿಚಿ ನೆಲಕ್ಕೆ ಬಿದ್ದನು. ಬಿದ್ದ ಮೇಲೆಯೂ ಕುದುರೆಯನ್ನು ಎಳೆದರು. ಒಟ್ಟು ಐದು ಸಲ. ನಾಲ್ವರೂ ಮೇಲೆ ಬಿದ್ದು ಕೈಗೆ ಬೇಡಿ ತೊಡಿಸಿದರು. ಸ್ವಲ್ಪ ಹೊತ್ತಿನಲ್ಲಿ ಅವನ ಚಲನೆ ನಿಂತಿತು; ಅಲ್ಲಿಯೇ ಪ್ರಾಣ ಹೋಯಿತು. ಶವಪರೀಕ್ಷೆಯಲ್ಲಿ ಮದ್ಯವಾಗಲಿ ಮಾದಕವಸ್ತುವಾಗಲಿ ಕಾಣಲಿಲ್ಲ. ಹತ್ತು ಗಂಟೆಗಳ ಕಾಲ ಅವನು ಆ ನಿಲ್ದಾಣದಲ್ಲಿದ್ದನು. ಪೋಲಿಷ್ ಭಾಷೆ ಬಲ್ಲ ಒಬ್ಬನನ್ನು ಅವನ ಮುಂದೆ ಯಾರೂ ತಂದು ನಿಲ್ಲಿಸಲಿಲ್ಲ.

ಇಲ್ಲಿಯವರೆಗಿನದು ದುರಂತ. ಇನ್ನು ಮುಂದಿನದು ಹೊಣೆಗಾರಿಕೆಯ ಕಥೆ.

ಪೋಲೀಸರ ಮೊದಲ ಪ್ರಕಟಣೆಯಲ್ಲಿ ನಾಲ್ವರು ಮೂವರಾಗಿದ್ದರು, ಐದು ಸಲವೆಂಬುದು ಎರಡು ಸಲವಾಗಿತ್ತು. ಅವನು ಸ್ಟೇಪ್ಲರನ್ನು ಎತ್ತಿ ಮೇಲೆರಗಿದನೆಂದೂ, ಟೇಸರಿಗೂ ಬಗ್ಗದವನನ್ನು ಸೆಣಸಿ ಕೆಡಹಬೇಕಾಯಿತೆಂದೂ ಅಧಿಕಾರಿಗಳು ತಮ್ಮ ಹೇಳಿಕೆಗಳಲ್ಲಿ ತಿಳಿಸಿದ್ದರು. ಬೇರೆ ಸಾಕ್ಷ್ಯವಿಲ್ಲದಿದ್ದರೆ ಇದೇ ಚರಿತ್ರೆಯಾಗಿ ನಿಲ್ಲುತ್ತಿತ್ತು. ಆದರೆ ಆ ರಾತ್ರಿ ಪ್ರಯಾಣಿಕ ಯುವಕನೊಬ್ಬ ತನ್ನ ಚಿಕ್ಕ ಕ್ಯಾಮರಾದಲ್ಲಿ ಎಲ್ಲವನ್ನೂ ಚಿತ್ರೀಕರಿಸಿದ್ದನು. ಪೋಲೀಸರು ಕೇಳಿದಾಗ, ಬೇಗ ಹಿಂದಿರುಗಿಸುತ್ತಾರೆಂಬ ಮಾತಿನ ಮೇಲೆ ಅವನು ಅದನ್ನು ಅವರಿಗೆ ಒಪ್ಪಿಸಿದ್ದನು. ಹಿಂದಕ್ಕೆ ಬರಲಿಲ್ಲ. ಯುವಕನು ವಕೀಲರನ್ನು ಹಿಡಿದನು. ಚಿತ್ರ ಅವನ ಕೈಸೇರಿತು. ನವೆಂಬರ್ ತಿಂಗಳ ನಡುವಿನಲ್ಲಿ ಅದು ದೂರದರ್ಶನಗಳಲ್ಲಿ ಪ್ರಸಾರವಾಯಿತು. ಮೊದಲನೆಯ ಪ್ರಹಾರಕ್ಕೇ ಅವನು ಬಿದ್ದದ್ದನ್ನು ಜಗತ್ತೆಲ್ಲ ಕಂಡಿತು. ಪೋಲೀಸರ ಬರಹ ಒಂದು, ಕಣ್ಣಿಗೆ ಕಂಡದ್ದು ಇನ್ನೊಂದು.

ಇಷ್ಟಾದರೂ 2008ರ ಡಿಸೆಂಬರ್ ತಿಂಗಳಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಅಭಿಯೋಜಕರು, ಬಲಪ್ರಯೋಗವು ಯುಕ್ತವಾದದ್ದೆಂದೂ ನಾಲ್ವರ ಮೇಲೂ ಮೊಕದ್ದಮೆಯಿಲ್ಲವೆಂದೂ ಸಾರಿದರು. ಪ್ರಕರಣದ ತನಿಖೆಯಲ್ಲಿ ಆ ದಳದವರೂ ಇದ್ದರು. ತನ್ನ ಪರೀಕ್ಷೆಯ ಉತ್ತರಪತ್ರಿಕೆಯನ್ನು ತಾನೇ ತಿದ್ದುವ ವಿದ್ಯಾರ್ಥಿಗೆ ಯಾವ ಶಾಲೆ ತಾನೆ ಅನುಮತಿ ಕೊಟ್ಟೀತು?

ಪ್ರಜೆಗಳ ಒತ್ತಾಯದಿಂದ ಪ್ರಾಂತಸರ್ಕಾರವು ನಿವೃತ್ತ ನ್ಯಾಯಾಧೀಶ ಥಾಮಸ್ ಬ್ರೇಡ್‌ವುಡ್ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗವನ್ನು ನೇಮಿಸಿತ್ತು. ಅವರು ಕೆಲಸವನ್ನು ಎರಡು ಭಾಗ ಮಾಡಿಕೊಂಡರು. ಆಯುಧದ ವಿಚಾರ ಮೊದಲು, ಆ ರಾತ್ರಿಯ ವಿಚಾರ ಆಮೇಲೆ.

ಮೊದಲ ವರದಿ 2009ರ ಜುಲೈ ತಿಂಗಳಲ್ಲಿ ಬಂದಿತು. ಸಾಕಷ್ಟು ಸ್ವತಂತ್ರ ಪರೀಕ್ಷೆಯಿಲ್ಲದೆ ಈ ಆಯುಧವನ್ನು ಪೋಲೀಸರ ಕೈಗೆ ಕೊಡಲಾಗಿದೆಯೆಂದೂ, ಅದರ ವಿದ್ಯುತ್ತು ಹೃದಯದ ಬಡಿತದ ಲಯವನ್ನು ಕೆಡಿಸಿ ಸಾವನ್ನು ತರಬಲ್ಲುದೆಂದೂ ಬ್ರೇಡ್‌ವುಡ್ ತೀರ್ಮಾನಿಸಿದರು. ಎದುರಿನವನು ಮತ್ತೊಬ್ಬರ ದೇಹಕ್ಕೆ ಹಾನಿ ಮಾಡುತ್ತಿದ್ದರೆ ಅಥವಾ ಈಗಲೇ ಮಾಡಲಿದ್ದರೆ ಮಾತ್ರ ಬಳಸಬೇಕು. ಅದೂ ಮಾತಿನಿಂದ ಪ್ರಯೋಜನವಿಲ್ಲವೆಂದು ಕಂಡ ಮೇಲೆ. ಸಾಮಾನ್ಯವಾಗಿ 5 ಸೆಕೆಂಡುಗಳನ್ನು ಮೀರಬಾರದು. ಇವು ಅವರ ಮುಖ್ಯ ಸಲಹೆಗಳು. ಪ್ರಾಂತಸರ್ಕಾರವು ಅವನ್ನು ಒಪ್ಪಿತು. ತಯಾರಕರು ವರದಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2010ರಲ್ಲಿ ಅವರ ಅರ್ಜಿ ವಜಾ ಆಯಿತು. ಅಷ್ಟರಲ್ಲಿ, 2009ರ ಅಕ್ಟೋಬರಿನಲ್ಲಿ ಅದೇ ತಯಾರಕರು, ಸಾಧ್ಯವಾದಷ್ಟು ಎದೆಯ ಭಾಗಕ್ಕೆ ಗುರಿಯಿಡಬೇಡಿರೆಂದು ಪೋಲೀಸರಿಗೆ ಸೂಚನೆಯನ್ನು ಕಳುಹಿಸಿದ್ದರು. ಅರ್ಜುನನು ಉತ್ತರನಿಗೆ ಮೊದಲೇ ಹೇಳಿದ ಎಚ್ಚರಿಕೆಯ ಮಾತು ಇಲ್ಲಿ ಎಷ್ಟು ತಡವಾಗಿ ಬಂದಿತು, ನೋಡಿರಿ!

ಎರಡನೆಯ ವರದಿ 2010ರ ಜೂನ್ ತಿಂಗಳಲ್ಲಿ ಬಂದಿತು. ಅದರ ಹೆಸರಿನ ಮೊದಲ ಮಾತೇ 'ಏಕೆ?' ಎಂಬ ಪ್ರಶ್ನೆ. ಟೇಸರಿನ ಬಳಕೆ ಸಮರ್ಥನೀಯವಲ್ಲ. ಮತ್ತೆ ಮತ್ತೆ ಹಾರಿಸಿದ್ದೂ ಹಿಡಿದು ಅದುಮಿದ್ದೂ ಸಾವಿಗೆ ಕಾರಣವಾದ ಸಂಗತಿಗಳು. ಅಧಿಕಾರಿಗಳು ತಮ್ಮ ವರ್ತನೆಯನ್ನು ಸಮರ್ಥಿಸಿಕೊಳ್ಳಲು ನಡೆದದ್ದನ್ನು ಬೇಕೆಂದೇ ತಪ್ಪಾಗಿ ಚಿತ್ರಿಸಿದರು ಎಂದು ಅದು ಹೇಳಿತು. ಅದೇ ವರ್ಷದ ಏಪ್ರಿಲ್ 1ರಂದು ಪೋಲೀಸ್ ದಳದ ಹಿರಿಯ ಅಧಿಕಾರಿಯು ಆ ತಾಯಿಯ ಕ್ಷಮೆಯನ್ನು ಕೇಳಿದ್ದನು.

ಆಮೇಲೆ ಬಂದಿತು ನ್ಯಾಯಾಲಯದ ಸರದಿ. ಸಾವಿಗೆ ಸಂಬಂಧಿಸಿ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಆಯೋಗದ ಮುಂದೆ ಪ್ರಮಾಣಮಾಡಿ ಸುಳ್ಳು ಹೇಳಿದರೆಂದು ನಾಲ್ವರ ಮೇಲೂ 2011ರಲ್ಲಿ ಆರೋಪ ಹೊರಿಸಲಾಯಿತು. ಇಲ್ಲಿ ಕೆನಡಾದ ಸಂವಿಧಾನದ ಒಂದು ಸೂಕ್ಷ್ಮವಿದೆ. ವಿಚಾರಣೆಯಲ್ಲಿ ಸಾಕ್ಷಿ ನುಡಿದವನ ಮಾತನ್ನೇ ಮುಂದೆ ಅವನ ವಿರುದ್ಧ ತಿರುಗಿಸಿ ಅವನನ್ನು ಅಪರಾಧಿಯೆಂದು ಸಾಧಿಸುವಂತಿಲ್ಲ. ಈ ರಕ್ಷಣೆಗೆ ಹೊರತಾದವು ಎರಡು ಬಗೆ ಮಾತ್ರ: ಸುಳ್ಳುಸಾಕ್ಷ್ಯ ಮತ್ತು ಪರಸ್ಪರ ವಿರುದ್ಧವಾದ ಸಾಕ್ಷ್ಯ. 'ನಿಜವನ್ನು ಹೇಳು, ಆ ನಿಜ ನಿನ್ನನ್ನು ಕಟ್ಟಿಹಾಕುವುದಿಲ್ಲ. ಆದರೆ ಸುಳ್ಳಾಡಿದರೆ ಬಿಡುವುದಿಲ್ಲ' ಎಂಬುದು ಅದರ ತಾತ್ಪರ್ಯ. ನಾಲ್ವರು ಬೇರೆ ಬೇರೆಯಾಗಿ ವಿಚಾರಣೆಗೆ ಗುರಿಯಾದರು. ಇಬ್ಬರು ಬಿಡುಗಡೆಯಾದರು. ಇನ್ನಿಬ್ಬರು 2015ರಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಟೇಸರನ್ನು ಹಾರಿಸಿದವನಿಗೆ 30 ತಿಂಗಳು, ಹಿರಿಯನಾಗಿದ್ದವನಿಗೆ ಎರಡು ವರ್ಷಕ್ಕೆ ಒಂದು ದಿನ ಕಡಮೆ ಸೆರೆವಾಸ. 2017ರ ಅಕ್ಟೋಬರಿನಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು ಅವರ ಮೇಲ್ಮನವಿಗಳನ್ನು ತಳ್ಳಿಹಾಕಿತು. ಸಾವಿಗೂ ಆ ಕೊನೆಯ ತೀರ್ಪಿಗೂ ನಡುವೆ ಹತ್ತು ವರ್ಷ.

ಇದನ್ನು ನ್ಯಾಯವೆನ್ನೋಣವೆ, ಅಲ್ಲವೆನ್ನೋಣವೆ? ಕೊಲ್ಲಲ್ಪಟ್ಟವನ ಕಡೆಯಿಂದ ನೋಡಿದರೆ ಇದು ಅರೆನ್ಯಾಯ. ಅವನ ಪ್ರಾಣಕ್ಕೆ ಉತ್ತರ ಹೇಳಿದವರಿಲ್ಲ; ಆ ಪ್ರಾಣದ ಬಗ್ಗೆ ಆಡಿದ ಸುಳ್ಳಿಗೆ ಮಾತ್ರ ಉತ್ತರ ಹೇಳಬೇಕಾಯಿತು. ಆದರೂ ಯೋಚಿಸಿದಷ್ಟೂ ನನಗೆ ಆ ಸುಳ್ಳು ಚಿಕ್ಕದಾಗಿ ಕಾಣುವುದಿಲ್ಲ. ನಡುರಾತ್ರಿಯಲ್ಲಿ, ಕ್ಷಣಮಾತ್ರದಲ್ಲಿ ತೀರ್ಮಾನ ಮಾಡಬೇಕಾದ ಪೇದೆಯು ತಪ್ಪು ಮಾಡಿಯಾನು, ಅವನು ಮನುಷ್ಯ. ಆ ತಪ್ಪನ್ನು ಇದ್ದಂತೆ ಬರೆದಿಟ್ಟರೆ ಮುಂದಿನವನು ಕಲಿಯುತ್ತಾನೆ, ನಿಯಮ ತಿದ್ದಿಕೊಳ್ಳುತ್ತದೆ, ಇನ್ನೊಂದು ಪ್ರಾಣ ಉಳಿಯುತ್ತದೆ. ಬಿಡುವಾಗಿ ಕುಳಿತು ಬರೆದ ಸುಳ್ಳು ವರದಿಯು ಆ ದಾರಿಯನ್ನೆಲ್ಲ ಮುಚ್ಚುತ್ತದೆ. ಅರ್ಧಸತ್ಯವನ್ನಾಡಿದ ಧರ್ಮರಾಯನ ರಥವೇ ನೆಲಕ್ಕೆ ತಾಗಿತಂತೆ. ಅವನಾದರೂ ಯುದ್ಧದ ನಡುವೆ ಇದ್ದನು.

ಈ ಪ್ರಕರಣದಿಂದ ಒಂದು ಒಳ್ಳೆಯ ಫಲವೂ ದೊರೆಯಿತು. ಪೋಲೀಸರ ಕೈಯಲ್ಲಿ ಸಾವೋ ತೀವ್ರವಾದ ಗಾಯವೋ ಸಂಭವಿಸಿದರೆ ಪೋಲೀಸರೇ ತನಿಖೆ ಮಾಡಕೂಡದೆಂದು ಬ್ರೇಡ್‌ವುಡ್ ಸಲಹೆಯಿತ್ತಿದ್ದರು. ಅದರಂತೆ 2012ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಸ್ವತಂತ್ರ ತನಿಖಾ ಕಚೇರಿಯೊಂದು ಕೆಲಸವನ್ನಾರಂಭಿಸಿತು. ಅದರ ಮುಖ್ಯಾಧಿಕಾರಿಯು ಎಂದೂ ಪೋಲೀಸನಾಗಿದ್ದವನಾಗಿರಕೂಡದೆಂದು ಕಾನೂನಿನಲ್ಲಿಯೇ ಬರೆದಿದೆ. ನಮ್ಮ ದೇಶದಲ್ಲಿಯೂ 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ, ರಾಜ್ಯಗಳಲ್ಲಿಯೂ ಜಿಲ್ಲೆಗಳಲ್ಲಿಯೂ ಪೋಲೀಸರ ಮೇಲಿನ ದೂರುಗಳನ್ನು ಕೇಳುವ ಪ್ರತ್ಯೇಕ ಪ್ರಾಧಿಕಾರಗಳನ್ನು ಸ್ಥಾಪಿಸಬೇಕೆಂದು ಆದೇಶಿಸಿತು. ಆಯುಧ ಲಾಠಿಯಾದರೇನು, ಟೇಸರಾದರೇನು, ಕೇಳಬೇಕಾದ ಪ್ರಶ್ನೆ ಒಂದೇ: ಲೆಕ್ಕವನ್ನು ನೋಡುವವರು ಯಾರು?

ಬೇರೆ ದೇಶಗಳ ನ್ಯಾಯಾಲಯಗಳು ಬೇರೆ ಬೇರೆ ದಾರಿಗಳನ್ನು ಹಿಡಿದಿವೆ. ಇಂಗ್ಲೆಂಡಿನ ಟೆಲ್ಫರ್ಡ್ ಪಟ್ಟಣದಲ್ಲಿ 2016ರ ಆಗಸ್ಟ್ ತಿಂಗಳಲ್ಲಿ, ಒಂದು ಕಾಲಕ್ಕೆ ಹೆಸರಾಂತ ಫುಟ್‌ಬಾಲ್ ಆಟಗಾರನಾಗಿದ್ದ ಡೇಲಿಯನ್ ಅಟ್ಕಿನ್ಸನ್ ಎಂಬವನು ತನ್ನ ತಂದೆಯ ಮನೆಯ ಹೊರಗೆ ಸತ್ತನು. ಅಸ್ವಸ್ಥನಾಗಿ ಕೂಗಾಡುತ್ತಿದ್ದ ಅವನ ಮೇಲೆ ಪೋಲೀಸನೊಬ್ಬನು ಟೇಸರಿನ ಕುದುರೆಯನ್ನು 33 ಸೆಕೆಂಡುಗಳ ಕಾಲ ಒತ್ತಿ ಹಿಡಿದನು. ಬಿದ್ದವನ ತಲೆಗೆ ಬೂಟುಗಾಲಿನಿಂದ ಒದೆದನು. ತಾನಾಗಿ ನಿಲ್ಲುವುದು 5 ಸೆಕೆಂಡುಗಳಿಗೆಂದು ಆಗಲೇ ಹೇಳಿದೆನಷ್ಟೆ. ಉಪಕರಣದೊಳಗಿನ ಗಡಿಯಾರವೇ ಈ ಲೆಕ್ಕವನ್ನು ಬರೆದಿಟ್ಟುಕೊಂಡು ಸಾಕ್ಷಿ ನುಡಿಯಿತು. 2021ರಲ್ಲಿ ಆ ಪೋಲೀಸನಿಗೆ ಕೊಲೆಯಲ್ಲದ ನರಹತ್ಯೆಗಾಗಿ ಎಂಟು ವರ್ಷಗಳ ಶಿಕ್ಷೆಯಾಯಿತು. ಕರ್ತವ್ಯದಲ್ಲಿದ್ದ ಪೋಲೀಸನೊಬ್ಬನಿಗೆ ಅಂಥ ಶಿಕ್ಷೆಯಾದದ್ದು ಅಲ್ಲಿ ಮೂವತ್ತು ವರ್ಷಗಳಿಗೂ ಮೀರಿದ ಅವಧಿಯಲ್ಲಿ ಅದೇ ಮೊದಲು.

ಆಸ್ಟ್ರೇಲಿಯಾದ ಕೂಮಾ ಎಂಬ ಊರಿನ ವೃದ್ಧಾಶ್ರಮದಲ್ಲಿ 2023ರ ಮೇ ತಿಂಗಳಲ್ಲಿ ನಡೆದದ್ದಂತೂ ಕೇಳುವವರ ಮನಸ್ಸನ್ನು ಕಲಕುತ್ತದೆ. ಮರೆವಿನ ಲಕ್ಷಣಗಳಿದ್ದ 95 ವರ್ಷದ ಅಜ್ಜಿ, ನಡೆಯಲು ಊರುಗಾಡಿಯ ಆಸರೆ ಬೇಕಾದವಳು, ಕೈಯಲ್ಲಿ ಊಟದ ಚಾಕುವನ್ನು ಹಿಡಿದುಕೊಂಡಿದ್ದಳು. ಪೋಲೀಸನು ಟೇಸರನ್ನು ಹಾರಿಸಿದನು. ಅಜ್ಜಿ ಬಿದ್ದು ತಲೆಗೆ ಪೆಟ್ಟಾಗಿ ಒಂದು ವಾರದಲ್ಲಿ ತೀರಿಕೊಂಡಳು. ವಿದ್ಯುತ್ತು ಕೊಲ್ಲಲಿಲ್ಲ, ಬಿದ್ದದ್ದು ಕೊಂದಿತು. 2024ರ ನವೆಂಬರಿನಲ್ಲಿ ಪಂಚರು ಅವನನ್ನು ನರಹತ್ಯೆಯ ಅಪರಾಧಿಯೆಂದರು. ಆದರೆ 2025ರಲ್ಲಿ ನ್ಯಾಯಾಧೀಶರು ಸೆರೆವಾಸವನ್ನು ವಿಧಿಸದೆ, ಎರಡು ವರ್ಷಗಳ ಸಮುದಾಯ ಮೇಲ್ವಿಚಾರಣೆಗೆ ಒಪ್ಪಿಸಿದರು. ಸರ್ಕಾರದ ಮೇಲ್ಮನವಿಯೂ ಫಲಿಸಲಿಲ್ಲ.

ಇಂಥವು ಎಷ್ಟು? 2017ರಲ್ಲಿ ರಾಯಿಟರ್ಸ್ ವಾರ್ತಾಸಂಸ್ಥೆಯು ಅಮೆರಿಕದ ದಾಖಲೆಗಳನ್ನು ಶೋಧಿಸಿ, ಪೋಲೀಸರು ಟೇಸರನ್ನು ಬಳಸಿದ ಮೇಲೆ ಸತ್ತವರ ಪ್ರಸಂಗಗಳು ಸಾವಿರವನ್ನು ಮೀರಿವೆಯೆಂದು ಕಂಡುಕೊಂಡಿತು. ಬಳಸಿದ ಮೇಲೆ ಸತ್ತರೆಂದರೆ ಬಳಸಿದ್ದರಿಂದಲೇ ಸತ್ತರೆಂದಲ್ಲ. ಪೂರ್ವಾಪರವೇ ಕಾರ್ಯಕಾರಣವಲ್ಲವೆಂದು ತರ್ಕಶಾಸ್ತ್ರ ಹೇಳುತ್ತದೆ. ಅವುಗಳಲ್ಲಿ 153 ಸಾವುಗಳಿಗೆ ಟೇಸರು ಕಾರಣವೆಂದೋ ಕಾರಣಗಳಲ್ಲಿ ಒಂದೆಂದೋ ಮರಣಪರೀಕ್ಷಕರು ಬರೆದಿದ್ದರು. ಲಕ್ಷಾಂತರ ಸಲದ ಬಳಕೆಯಲ್ಲಿ ಇದು ಅಲ್ಪವೇ ಇರಬಹುದು. ಆದರೆ ಅಲ್ಪತೆ ಬೇರೆ, ಅಭಾವ ಬೇರೆ. ವ್ಯಾಕರಣದ ಈ ಚಿಕ್ಕ ಭೇದವನ್ನು ಮರೆತದ್ದೇ ಇಷ್ಟೆಲ್ಲಕ್ಕೂ ಮೂಲವೆಂದು ನನಗೆ ತೋರುತ್ತದೆ.

ಆ ಹುಡುಗನನ್ನು ಮರುವಾರ ಕರೆದು, ಬರೆದುಕೊಂಡದ್ದನ್ನು ತಿದ್ದಿಕೋ ಎಂದೆ. 'ಅಮಾರಕಾಯುಧ ಬೇಡ, ಅಲ್ಪಮಾರಕ ಎನ್ನು. ಕೈಯಲ್ಲಿ ಹಿಡಿದವನಿಗೆ ಅದರ ಹೆಸರೇ ಎಚ್ಚರ ಹೇಳುವಂತಿರಬೇಕು' ಎಂದೆ. ಹುಡುಗ ಒಂದು ನಿಮಿಷ ಯೋಚಿಸಿ, 'ಹಾಗಾದರೆ ಅದನ್ನು ಯಾವಾಗ ಬಳಸಬೇಕು, ಸಾರ್?' ಎಂದು ಕೇಳಿದ.

ನನಗೆ ಆ ನಿಲ್ದಾಣದ ಪ್ರಯಾಣಿಕ ಹೆಂಗಸಿನ ನೆನಪಾಯಿತು. ಆಕೆಗೆ ಪೋಲಿಷ್ ಬಾರದು, ಆಕೆಯ ಬಳಿ ಆಯುಧವೂ ಇರಲಿಲ್ಲ. ಆದರೂ ಕೈ ಚಾಚಿ, ದನಿ ತಗ್ಗಿಸಿ, ಆ ಮನುಷ್ಯನೊಡನೆ ಮಾತನಾಡಿದಳು.

'ಮೊದಲು ಮಾತನಾಡಿಸಿ ನೋಡಿದ ಮೇಲೆ' ಎಂದೆ.